ಮಣ್ಣೂರ ತಾಲೀಮಿನ ಎರಡು ಟುವಾಲು

"ಹೊರಗ ಎಳದು ಹೊಡೀರಿ ಅವನ್ನ" ಎಂದು ಗುಂಪಿನಲ್ಲಿ ಯಾರೋ ಅಂದಾಗ ಧರ್ಮಣ್ಣ ಮೆಲ್ಲಗೆ ಹಿಂದೆ ಸರಿದ. ತಾಲೀಮಿನ, ಅಂದರೆ ಕುಸ್ತಿಯ ಗರಡಿಯ, ಒಳಕೋಣೆಯಲ್ಲಿ ಜನ ಕೂಡಿಹಾಕಿದ್ದು ಡಾಕ್ಟರ್ ಖುರ್ಷಿದರನ್ನು. ಅವರನ್ನು ಮಣ್ಣೂರಿಗೆ ಕರೆತಂದು ತನ್ನ ಮನೆಯಲ್ಲೇ ಇಟ್ಟುಕೊಂಡವನು ಧರ್ಮಣ್ಣ. ನಲವತ್ತೆಂಟರ ಆ ಬೇಸಿಗೆಯಲ್ಲಿ ಊರೂರೂ ಹಿಂದೂ-ಮುಸ್ಲಿಮರ ನಡುವಿನ ಅನುಮಾನದಲ್ಲಿ ಕುದಿಯುತ್ತಿತ್ತು. ಒಂದು ಮಾತು ಹೆಚ್ಚುಕಡಿಮೆಯಾದರೆ ಹೆಣ ಬೀಳುತ್ತಿತ್ತು.

ಡಾಕ್ಟರಿಗೆ ಒಂದೇ ಹುಚ್ಚು. ಕುಸ್ತಿಗೆ ಮೊದಲೂ ಆಮೇಲೂ ಪೈಲವಾನರನ್ನು ಜೋಳದ ತಕ್ಕಡಿಯಲ್ಲಿ ತೂಗುವುದು, ನಾಡಿ ಎಣಿಸುವುದು, ಬೆವರಿ ಕಳೆದ ತೂಕದಷ್ಟೇ ನೀರು ಕುಡಿಸಿ ದಮ್ಮು ಹೆಚ್ಚುತ್ತದೋ ಎಂದು ಬರೆದಿಡುವುದು. ಹತ್ತು ದಿನ ಎಲ್ಲ ಸುಸೂತ್ರವಾಗಿತ್ತು. ಇವತ್ತು ಬೆಳಿಗ್ಗೆ ಆ ನೀರು ಕುಡಿದ ಪೈಲವಾನ ಬೀರಣ್ಣ ಕೈಕಾಲು ಸೆಟೆದು ಮಣ್ಣಿಗೆ ಬಿದ್ದ. ಈಗ ಏನೇನೋ ಬಡಬಡಿಸುತ್ತಿದ್ದ.

"ನೀರಾಗ ವಿಷಾ ಹಾಕ್ಯಾನ" ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು.

ಧರ್ಮಣ್ಣ ಓಡಿದ್ದು ಸುಭದ್ರಾಬಾಯಿಯವರ ಮನೆಗೆ. ತೀರಿಹೋದ ಅಮೀನರ ಹೆಂಡತಿ ಆಕೆ. ಪೊಲೀಸ್ ಅಧಿಕಾರಿಯಾಗಿದ್ದ ಗಂಡನಿಗೆ ಬಿಡಿಸಲಾಗದ ಗಂಟುಗಳನ್ನೂ ಕುಳಿತಲ್ಲೇ ಬಿಡಿಸುತ್ತಿದ್ದವರು.

"ಬಾಯಾರ, ಡಾಕ್ಟ್ರ ಜೀವಾ ಹೋಗ್ತೈತ್ರಿ."

"ನಡಿ" ಎಂದಷ್ಟೇ ಅಂದು ಅವರು ಎದ್ದರು.

ತಾಲೀಮಿಗೆ ಬಂದವರು ಮೊದಲು ಕೇಳಿದ್ದು ಬೆಳಿಗ್ಗೆ ಬೀರಣ್ಣನ ಜೊತೆ ಕುಸ್ತಿ ಆಡಿದ್ದ ಪೈಲವಾನ ಸರ್ದಾರನನ್ನು. "ನೀನೂ ಅದs ಕೊಡದ ನೀರು ಕುಡದ್ಯಾ?"

"ಹೌದ್ರಿ. ನಂಗೇನೂ ಆಗಿಲ್ರಿ."

ಆಮೇಲೆ ಹಗ್ಗದ ಮೇಲೆ ಒಣಗಿದ್ದ ಇಬ್ಬರ ಟುವಾಲುಗಳನ್ನೂ ಬಿಸಿಲಿಗೆ ಹಿಡಿದು ನೋಡಿದರು. ಸರ್ದಾರನದರ ತುಂಬ ಬಿಳಿ ಗೆರೆ, ಬೀರಣ್ಣನದು ಬರೀ ಮಣ್ಣಿನ ಬಣ್ಣ. ಬೀರಣ್ಣನ ತಾಯಿ ಸಾಬಮ್ಮ ಮನೆಯಿಂದ ತಂದಿದ್ದ ಗಂಜಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. ಧರ್ಮಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಹೊರಗಿನ ಗದ್ದಲ ಏರುತ್ತಿತ್ತು.

ಬಾಯಿಯವರು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದರು.

"ವಿಷಾ ಇದ್ರ ಸರ್ದಾರನೂ ಬೀಳ್ತಿದ್ದ. ಇಬ್ರ ಟುವಾಲ ನೋಡ್ರಿ. ಸರ್ದಾರನದ್ರಾಗ ಬೆವರು ಒಣಗಿ ಉಪ್ಪಿನ ಗೆರಿ ಬಿದ್ದಾವ. ಬೀರಣ್ಣನೂ ಹಂಗs ಬೆವತಾನ, ಆದ್ರ ಗೆರಿ ಇಲ್ಲ. ಮೈಯಾಗ ಉಪ್ಪ ತೀರಿದ್ರ ಬೆವರಿನ್ಯಾಗ ಎಲ್ಲಿಂದ ಬರ್ಬೇಕು? ಅದರ ಮ್ಯಾಲ ಕೊಡಗಟ್ಟಲೆ ನೀರು ಕುಡದ್ರ ಇದ್ದಬದ್ದದ್ದೂ ತೆಳ್ಳಗಾಗಿ ಕೈಕಾಲು ಸೆಟೀತಾವ." ಅವರು ಸಾಬಮ್ಮನ ಕಡೆ ತಿರುಗಿದರು. "ಮಗನ ಗಂಜ್ಯಾಗ ಉಪ್ಪ ಯಾಕಿಲ್ಲ ಬೇ?"

ಸಾಬಮ್ಮ ಸೆರಗು ಬಾಯಿಗೊತ್ತಿಕೊಂಡಳು.

"ಹರಕಿ ಹೊತ್ತೇನ್ರಿ. ಕುಸ್ತಿ ಗೆಲ್ಲೂತನಾ ಮಗಾ ಉಪ್ಪ ಮುಟ್ಟಾಂಗಿಲ್ಲಂತ. ಬಾಯಿ ಬಿಟ್ರ ಹರಕಿ ಫಲಾ ಇರಾಂಗಿಲ್ಲಂತ ಅವಗೂ ಆಣಿ ಹಾಕಿದ್ದೆ. ಡಾಕ್ಟ್ರು ದಿನಾ ಕೇಳ್ತಿದ್ರು, ಊಟಾ ಸರಿ ಐತೇನಂತ. ಎಲ್ಲಾ ಸರಿ ಐತಿ ಅಂತಿದ್ದೆ."

ಗುಂಪಿನವರೇ ಬಾಗಿಲು ತೆರೆದರು. ತುಟಿ ಒಡೆದಿದ್ದ ಖುರ್ಷಿದರು ಯಾರ ಮುಖವನ್ನೂ ನೋಡದೆ ಬೀರಣ್ಣನ ನಾಡಿ ಹಿಡಿದರು. ವಿಷಯ ಕೇಳಿದವರೇ ಗಂಜಿಗೆ ಉಪ್ಪು ಕದಡಿ ಲೋಟ ಮುಂದೆ ಮಾಡಿದರು. ಹಿಂದೆ ನಿಂತ ಒಬ್ಬ, "ಆ ಕೈಯಿಂದ ಬ್ಯಾಡ" ಎಂದ.

ಸಾಬಮ್ಮ ಆ ಲೋಟ ಇಸಿದುಕೊಂಡು ಮೊದಲು ತಾನೇ ಒಂದು ಗುಟುಕು ಕುಡಿದಳು. ಆಮೇಲೆ ಮಗನ ತಲೆ ತೊಡೆಯ ಮೇಲಿಟ್ಟು ಹನಿಹನಿಯಾಗಿ ಕುಡಿಸಿದಳು.

"ಹರಕಿ ಹೋಗ್ಲಿ" ಎಂದಳು. "ಹೊಡಿಯೂದಿದ್ರ ಈಗ ನನ್ನ ಹೊಡೀರಿ."

ಯಾರೂ ಅಲುಗಲಿಲ್ಲ. ಬೀರಣ್ಣನ ಬಿಗಿದ ಮುಷ್ಟಿ ಮೆಲ್ಲಗೆ ಸಡಿಲಾಗುವುದನ್ನು ನೋಡುತ್ತ ಧರ್ಮಣ್ಣ ಅಲ್ಲೇ ಮಣ್ಣಿನಲ್ಲಿ ಕುಸಿದು ಕುಳಿತು ಗಳಗಳನೆ ಅತ್ತುಬಿಟ್ಟ.