ಸೊಸೆಯ ಕಾರ್ಡಿನ ಐದು ಚುಕ್ಕೆ

"ನನ್ನ ಸೊಸೇನ ಕೇಳಬೇಡಿ, ನಿಮ್ಮ ಮಿಷಿನ್ನನ್ನ ಕೇಳಿ," ಎಂದು ಆ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದಳು. "ಸುಳ್ಳು ಹೇಳ್ತಿರೋದು ಅದು."

ಕೊಡೆಯಕ್ಕ ಆಗಷ್ಟೇ ಬಂದು ತನ್ನ ಕೊಡೆಯನ್ನು ಕಿಟಕಿಯ ಸರಳಿಗೆ ನೇತುಹಾಕಿದ್ದಳು. ಬಿಸಿಲಿರಲಿ, ಮೋಡವಿರಲಿ, ಕೊಡೆ ಬಿಡದವಳೆಂದು ರೋಗಿಗಳ ಮನೆಗಳಲ್ಲಿ ಅವಳಿಗೆ ಆ ಹೆಸರು ಬಿದ್ದಿತ್ತು. ಕೆಲಸದಲ್ಲಿ ಅವಳು ಎಚ್‌ಐವಿ ಚಿಕಿತ್ಸಾಲಯದ ಆಪ್ತ ಸಮಾಲೋಚಕಿ. ಬಂದವಳು ಅವಳಿಗೆ ಗೊತ್ತಿದ್ದವಳೇ: ದರ್ಜಿ ಹುಡುಗಿಯ ಅತ್ತೆ. ಹುಡುಗಿಗೆ ಸೋಂಕಿದೆಯೆಂದು ತಿಳಿದೂ ಮಗನಿಗೆ ತಂದುಕೊಂಡವಳು. ಹೆರಿಗೆಯಾದ ಮೇಲಂತೂ ಸೊಸೆಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಳು.

ಹಿಂದಿನ ದಿನ ಆ ಮನೆಗೆ ಕೆಟ್ಟ ಸುದ್ದಿ ಒಯ್ದವಳು ಕೊಡೆಯಕ್ಕನೇ. ವರ್ಷಗಳಿಂದ ಮಾತ್ರೆ ತಪ್ಪಿಸದ ಆ ಹುಡುಗಿಯ ರಕ್ತದಲ್ಲಿ ವೈರಸ್ಸು ಯಂತ್ರದ ಕಣ್ಣಿಗೂ ಬೀಳದಷ್ಟು ಇಳಿದಿತ್ತು. ಈಗ ಬಂದ ಫಲಿತಾಂಶದಲ್ಲಿ ಅದರ ಎಣಿಕೆ ಲಕ್ಷ ದಾಟಿತ್ತು. ಅಷ್ಟು ಏರಿದರೆ ಎದೆಹಾಲಿನಲ್ಲಿ ಮಗುವಿಗೂ ದಾಟುವ ಭಯ. ಡಾಕ್ಟರಮ್ಮ ತೀರ್ಮಾನಿಸುವವರೆಗೆ ಹಾಲು ಕೊಡಬೇಡವೆಂದು ಹೇಳಿದಾಗ ಹುಡುಗಿ ತುಂಬಿದ ಎದೆಗೆ ಟವೆಲ್ಲು ಒತ್ತಿಹಿಡಿದು ಗೋಡೆಯ ಕಡೆ ತಿರುಗಿದ್ದಳು. ಆ ಬೆನ್ನು ಕೊಡೆಯಕ್ಕನ ಕಣ್ಣಿಂದ ಇನ್ನೂ ಹೋಗಿರಲಿಲ್ಲ.

ಮಗು ಬಾಟಲಿಗೆ ಬಾಯಿ ಇಡುತ್ತಿಲ್ಲವೆಂದು ಅತ್ತೆ ಹೇಳಿದಳು. ಮಗ ಹೆಂಡತಿಯನ್ನು ಒಂದೇ ಒಂದು ಸಲ, "ನಿಜ ಹೇಳು, ಮಾತ್ರೆ ಬಿಸಾಡ್ತಿದ್ದೆಯಾ?" ಅಂದನಂತೆ. ಆಗಿನಿಂದ ಅವಳು ತಟ್ಟೆ ಮುಟ್ಟಿಲ್ಲ, ಅವನ ಮುಖ ನೋಡಿಲ್ಲ. ಸೊಸೆ ಮಾತ್ರೆ ನುಂಗುವುದನ್ನು ತಾನು ದಿನವೂ ಕಣ್ಣಾರೆ ಕಂಡಿದ್ದೇನೆ, ಬೇಕಾದರೆ ಮೊಮ್ಮಗುವಿನ ತಲೆ ಮುಟ್ಟಿ ಹೇಳುತ್ತೇನೆ ಎಂದಳು ಅತ್ತೆ.

ಒಳಕೋಣೆಯ ಬಾಗಿಲಲ್ಲಿ ಡಾಕ್ಟರಮ್ಮ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುವ ಜಾತಿ ಅವರದು. ಆದರೆ ತೂಕದ ಯಂತ್ರ ಕೆಲವು ದಿನ ಮಾತ್ರ ಎಲ್ಲರನ್ನೂ ದಪ್ಪ ಮಾಡುವುದು ಯಾಕೆಂದು, ಔಷಧಿ ಕಪಾಟಿನ ಬೀಗ ತಾನಾಗಿ ತೆರೆದುಕೊಳ್ಳುವುದು ಹೇಗೆಂದು ಕಂಡುಹಿಡಿದವರು ಅವರೇ. ಸಿಬ್ಬಂದಿ ಬೆನ್ನ ಹಿಂದೆ ಅವರನ್ನು ಪತ್ತೇದಾರಮ್ಮ ಎನ್ನುತ್ತಿದ್ದರು. ಅದೂ ಅವರಿಗೆ ಗೊತ್ತಿತ್ತು.

"ಮೊದಲು ಚಹಾ ಕುಡೀರಿ ಅಮ್ಮ. ಮಿಷಿನ್ನು ಎಲ್ಲಿ ಓಡಿಹೋಗತ್ತೆ?" ಎಂದರು.

ಚಹಾ, ಬ್ರೆಡ್ಡು ಬಂತು. ಅತ್ತೆ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ, ಅದು ಕರಗುವಷ್ಟು ಹೊತ್ತು ಕಾದು, ಕಣ್ಣು ಮುಚ್ಚಿ ನುಂಗುತ್ತಿದ್ದಳು. ರವಿಕೆಯ ತೋಳು ಮೂಳೆಯ ಮೇಲೆ ಜೋತಾಡುತ್ತಿತ್ತು. ಬಾಣಂತಿಯ ಆರೈಕೆಯಲ್ಲಿ ಹೆಂಗಸು ಸವೆದುಹೋಗಿದ್ದಾಳೆ ಎಂದುಕೊಂಡಳು ಕೊಡೆಯಕ್ಕ. ಡಾಕ್ಟರಮ್ಮ ಮನೆಯ ಕತೆ ಕೇಳುತ್ತ ಹೋದರು. ಗಂಡ ತೀರಿಕೊಂಡು ಬಹಳ ವರ್ಷಗಳಾದವು, ಕೆಮ್ಮಿ ಕೆಮ್ಮಿ ಕಡ್ಡಿಯಂತಾಗಿ ಹೋದರು, ಏನು ಕಾಯಿಲೆಯೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ ಎಂದಳು ಅತ್ತೆ. ಮತ್ತೆ ಮೊದಲಿನ ಮಾತಿಗೇ ಬಂದಳು: ಮಿಷಿನ್ನು ನೋಡಿ, ಹುಡುಗಿಯನ್ನು ನೋಡಬೇಡಿ.

ಅವಳು ಹೋದ ಮೇಲೆ ಡಾಕ್ಟರಮ್ಮ ಲ್ಯಾಬಿನ ಟೆಕ್ನಿಷಿಯನ್ನನನ್ನು ಕರೆದರು. ಊರಲ್ಲಿ ವೈರಸ್ಸು ಎಣಿಸುವ ಯಂತ್ರವಿರಲಿಲ್ಲ. ಸಿರಿಂಜಿನಲ್ಲಿ ರಕ್ತ ತೆಗೆದು, ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು, ವಾಹನ ಮಾಡಿ ಕಳಿಸುವ ಶಕ್ತಿಯೂ ಚಿಕಿತ್ಸಾಲಯಕ್ಕಿರಲಿಲ್ಲ. ಅದಕ್ಕೇ ಅವರದೊಂದು ಅಗ್ಗದ ಉಪಾಯ: ದಪ್ಪ ಕಾಗದದ ಕಾರ್ಡು, ಅದರ ಮೇಲೆ ಐದು ವೃತ್ತ. ಬೆರಳು ಚುಚ್ಚಿ ವೃತ್ತಕ್ಕೊಂದು ತೊಟ್ಟು ಬಿಟ್ಟು, ನೆರಳಲ್ಲಿ ಒಣಗಿಸಿ ಲಕೋಟೆಗೆ ಹಾಕಿದರೆ ಬಸ್ಸಿನಲ್ಲೇ ದೊಡ್ಡ ಲ್ಯಾಬಿಗೆ ಹೋಗುತ್ತಿತ್ತು. ಬರಲಾಗದವರ ಮನೆಗೆ ಕಾರ್ಡು, ಸೂಜಿ ಕಳಿಸಿ, ಮನೆಯವರೇ ಮಾಡಿಕೊಡುವ ಪದ್ಧತಿ. ಬಾಣಂತಿಯ ಕಾರ್ಡೂ ಹಾಗೇ ಹೋಗಿ, ಅತ್ತೆಯ ಕೈಯಲ್ಲಿ ವಾಪಸು ಬಂದಿತ್ತು.

ಟೆಕ್ನಿಷಿಯನ್ ಬರುವಾಗಲೇ ಮುಖ ಊದಿಸಿಕೊಂಡಿದ್ದ. ಕಾರ್ಡು ಅದಲುಬದಲಾಗಿದ್ದರೆ ತನ್ನ ಕೊರಳಿಗೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಪ್ರತಿ ಕಾರ್ಡಿನ ಮೇಲೂ ಮನೆಗೆ ಕಳಿಸುವ ಮೊದಲೇ ಗುರುತಿನ ಚೀಟಿ ಅಂಟಿಸಿರುತ್ತದೆ ಎಂದ. ದೊಡ್ಡ ಲ್ಯಾಬಿನವರು ಖರ್ಚು ಉಳಿಸಲು ಕೆಲವರ ರಕ್ತ ಸೇರಿಸಿ ಒಟ್ಟಿಗೆ ನೋಡುತ್ತಾರೆ ನಿಜ. ಆದರೆ ವೈರಸ್ಸು ಕಂಡರೆ ಒಂದೊಂದನ್ನೂ ಬಿಡಿಸಿ ನೋಡುತ್ತಾರೆ. ಹಾಗೆ ಬಿಡಿಸಿದಾಗ ಏರಿದ್ದು ದರ್ಜಿ ಹುಡುಗಿಯದೊಂದೇ.

"ದಾರಿಯಲ್ಲಿ ಬಿಸಿಲಿಗೆ ಕೆಟ್ಟಿರಬಹುದಾ?" ಕೊಡೆಯಕ್ಕ ಆಸೆಯಿಂದ ಕೇಳಿದಳು.

"ಬಿಸಿಲು, ತೇವ ತಾಗಿದರೆ ಲೆಕ್ಕ ಇಳಿಯತ್ತೆ ಕಣೇ. ಲಕ್ಷಕ್ಕೆ ಏರಲ್ಲ," ಎಂದರು ಡಾಕ್ಟರಮ್ಮ.

ಟೆಕ್ನಿಷಿಯನ್ ಹೊರಡುತ್ತ ಗೊಣಗಿದ: "ಅದೂ ಎಂಥ ಕಾರ್ಡು ಅಂತೀರಿ. ಪ್ರತಿಸಲ ಅವಳ ಬೆರಳಿಂದ ಐದು ತೊಟ್ಟು ಬರಿಸೋದಂದ್ರೆ ಕಲ್ಲು ಹಿಂಡಿದ ಹಾಗೆ. ಈ ಸಲ ಐದೂ ವೃತ್ತ ಅಂಚಿನವರೆಗೆ ತುಂಬಿತ್ತು. ಗೋಡೆಗೆ ತೂಗುಹಾಕೋ ಹಾಗಿತ್ತು."

ಡಾಕ್ಟರಮ್ಮ ಹಣೆಯ ಮೇಲಿದ್ದ ಕನ್ನಡಕವನ್ನು ಒಂದೇ ಸಲಕ್ಕೆ ಕಣ್ಣಿಗಿಳಿಸಿಕೊಂಡರು. ಅದನ್ನು ಹುಡುಕಾಡದೆ ಸಿಕ್ಕಿಸಿಕೊಂಡರೆಂದರೆ ಏನೋ ಹೊಳೆದಿದೆ ಎಂದರ್ಥ. "ನಡಿ, ಮಗು ನೋಡಿ ಬರೋಣ," ಎಂದರು.

ಎರಡು ಕೋಣೆಯ ಮನೆ. ಹೊಲಿಗೆ ಯಂತ್ರದ ಮೇಲೆ ಮಗುವಿನ ಬಟ್ಟೆ ಒಣಗುತ್ತಿತ್ತು. ಬಸ್ಸಿನ ಮೆಕ್ಯಾನಿಕ್ಕಾದ ಮಗ ಕೆಲಸಕ್ಕೆ ಹೋಗದೆ, ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಿದ್ದ. ಡಾಕ್ಟರಮ್ಮ ಹುಡುಗಿಯ ಪಕ್ಕ ಹಾಸಿಗೆಯ ಮೇಲೆ ಕೂತು ಅವಳ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು. ಸೂಜಿ ಹಿಡಿದು ಹಿಡಿದು ಬೆರಳ ತುದಿಗಳು ಚರ್ಮದ ಚೀಲದಂತೆ ಗಟ್ಟಿಯಾಗಿದ್ದವು.

"ಈ ಸಲ ರಕ್ತ ಕೊಡುವಾಗ ತುಂಬ ನೋವಾಯ್ತಾ ಮಗಳೇ?"

"ಹೆರಿಗೆ ಆಸ್ಪತ್ರೇಲಿ ತೋಳಿಂದ ಎಷ್ಟು ಸಲ ತೆಗೆದ್ರೋ ಅಮ್ಮ," ಎಂದಳು ಹುಡುಗಿ ಸೋತ ದನಿಯಲ್ಲಿ. "ಅದರಲ್ಲಿ ಯಾವುದನ್ನ ಕಳಿಸಿದ್ರೋ, ನನ್ನ ಹಣೆಬರಹ."

ಡಾಕ್ಟರಮ್ಮ ಅವಳ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆಯ ಜೊತೆ ಬಾಗಿಲು ಹಾಕಿಕೊಂಡರು. ಒಳಗೆ ಬಹಳ ಹೊತ್ತು ಪಿಸುಮಾತು. ಒಮ್ಮೆ ಪಾತ್ರೆಯೊಂದು ಉರುಳಿದ ಸದ್ದು. ಆಚೆ ಬಂದಾಗ ಅತ್ತೆಯ ಮುಖ ಬಿಳುಚಿಕೊಂಡಿತ್ತು. ಚಪ್ಪಲಿ ಮೆಟ್ಟಿ, ಯಾರನ್ನೂ ನೋಡದೆ, ಡಾಕ್ಟರಮ್ಮನ ಹಿಂದೆ ಹೊರಟೇಬಿಟ್ಟಳು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಚಿಕಿತ್ಸಾಲಯದಿಂದ ಕರೆ ಹೋಯಿತು. ಮಗ, ಸೊಸೆ, ಮಗು ಬಂದು ಕೂತರು. ಟೆಕ್ನಿಷಿಯನ್ ಇರಲಿ, ಅವನ ಮೇಲೂ ಅಪವಾದ ಬಂದಿದೆ ಎಂದು ಅತ್ತೆಯೇ ಹೇಳಿದ್ದಳು. ಯಾರ ಎದುರು ಏನು ಹೇಳಬಹುದೆಂದು ಅವಳನ್ನು ಎರಡೆರಡು ಸಲ ಕೇಳಿಯೇ ಡಾಕ್ಟರಮ್ಮ ಬಾಯಿ ತೆರೆದದ್ದು.

"ಮಾತ್ರೆ ನುಂಗಿದೆಯಾ ಅಂತ ಈ ಹುಡುಗಿಯನ್ನ ಎಲ್ಲರೂ ಕೇಳಿದ್ವಿ," ಎಂದರು. "ಬೆರಳು ಚುಚ್ಚಿದ್ದು ಯಾವಾಗ ಅಂತ ಒಬ್ಬರೂ ಕೇಳಲಿಲ್ಲ. ಇವಳ ಬೆರಳಿಂದ ಐದು ವೃತ್ತ ಅಂಚು ಮುಟ್ಟೋ ಹಾಗೆ ತುಂಬೋದು ಆಗದ ಮಾತು. ಇವತ್ತು ಕೇಳಿದರೆ ಇವಳು ತೋಳಿನ ವಿಷಯ ಹೇಳಿದಳು. ಕಾರ್ಡು ಬಂದದ್ದೇ ಇವಳಿಗೆ ಗೊತ್ತಿಲ್ಲ. ಹಾಗಾದರೆ ಆ ರಕ್ತ ಬೇರೆಯವರದು. ಸೊಸೆ ಮಾತ್ರೆ ತಗೋತಾಳೆ ಅಂತ ನಂಬೋ ಅತ್ತೆಯರು ಬೇಕಾದಷ್ಟು ಜನ. ಆದರೆ ಮಿಷಿನ್ನೇ ಸುಳ್ಳು ಅಂತ ಆಣೆ ಇಡೋವಷ್ಟು ಖಾತ್ರಿ ಯಾರಿಗಿರತ್ತೆ? ಅದಕ್ಕೆ ಕೊಟ್ಟ ರಕ್ತ ಯಾರದು ಅಂತ ಗೊತ್ತಿದ್ದವರಿಗೆ ಮಾತ್ರ."

ಅತ್ತೆ ತನ್ನ ಬೆರಳನ್ನೇ ನೋಡುತ್ತ ಹೇಳಿದಳು. "ನಾನೇ ಚುಚ್ಚಿಕೊಂಡೆ. ಹೆರಿಗೇಲಿ ಅಷ್ಟೊಂದು ರಕ್ತ ಹೋಗಿತ್ತು. ಇವಳು ಕಣ್ಣು ಬಿಡೋಕೂ ಆಗದೆ ಮಲಗಿದ್ಲು. ಮತ್ತೆ ಆ ಬೆರಳು ಹಿಂಡೋದು ಯಾಕೆ, ನನಗೇನೂ ಇಲ್ವಲ್ಲ, ಚೊಕ್ಕ ರಿಪೋರ್ಟೇ ಬರತ್ತೆ ಅಂದ್ಕೊಂಡೆ. ಕೆಟ್ಟದು ಬಂದಾಗ ಮಿಷಿನ್ನೇ ಕೆಟ್ಟಿದೆ ಅನ್ನಿಸ್ತು. ಮೋಸ ಮಾಡಿದೀವಿ ಅಂತ ಇವಳ ಮಾತ್ರೆ ನಿಲ್ಲಿಸಿಬಿಡ್ತೀರೇನೋ ಅಂತ ಬಾಯಿ ಬಿಡಲಿಲ್ಲ."

ಅಷ್ಟು ವೈರಸ್ಸಿದ್ದ ರಕ್ತ ಅವಳದಾದರೆ ಅದರ ಅರ್ಥವೇನೆಂದು ಒಬ್ಬೊಬ್ಬರಿಗೂ ಹೊಳೆಯತೊಡಗಿತು. ಕೊಡೆಯಕ್ಕನಿಗೆ ಚಹಾದಲ್ಲಿ ಕರಗುತ್ತಿದ್ದ ಬ್ರೆಡ್ಡು ನೆನಪಾಯಿತು. ಅದು ಈ ಸೋಂಕು ಬಲಿತು ಬಾಯಿಯ ಒಳಗೆಲ್ಲ ಬಿಳಿ ಹುಣ್ಣು ಕಟ್ಟಿದವರು ನುಂಗುವ ರೀತಿ. ಎಷ್ಟೋ ಜನರಲ್ಲಿ ಅವಳು ಕಂಡದ್ದೇ. ವಾರ ವಾರ ಆ ಮನೆಗೆ ಹೋಗಿ ಬಾಣಂತಿಯನ್ನು ನೋಡಿದ್ದಳು, ಮಗುವನ್ನು ನೋಡಿದ್ದಳು. ಬಾಗಿಲು ತೆರೆದು ಒಳಗೆ ಕರೆದವಳನ್ನು ನೋಡಿರಲಿಲ್ಲ. ಒಬ್ಬರು ಮಲಗಿರುವ ಮನೆಯಲ್ಲಿ ಓಡಾಡುವವರೆಲ್ಲ ಗಟ್ಟಿಮುಟ್ಟು ಎಂದೇ ಲೆಕ್ಕ.

"ಅಮ್ಮನ ಒಪ್ಪಿಗೆ ಪಡೆದು ಇಲ್ಲೇ ಬೇರೆ ಬೇರೆ ಪರೀಕ್ಷೆಯ ಕಿಟ್ಟಿನಲ್ಲಿ ಅವರ ರಕ್ತ ನೋಡಿದ್ವಿ," ಎಂದರು ಡಾಕ್ಟರಮ್ಮ. "ಸೋಂಕಿದೆ."

ಮಗನ ಕಣ್ಣು ಒಂದು ಗಳಿಗೆ ಹೆಂಡತಿಯ ಕಡೆ ಹೊರಳಿತು. ಡಾಕ್ಟರಮ್ಮ ಅದನ್ನು ಅಲ್ಲೇ ಹಿಡಿದರು.

"ಅಲ್ಲಿ ನೋಡಬೇಡಪ್ಪ. ಜೊತೇಲಿ ಉಂಡರೆ, ಒಬ್ಬರನ್ನೊಬ್ಬರು ಎತ್ತಿ ಕೂರಿಸಿದರೆ ಇದು ಅಂಟಲ್ಲ. ಒಂದು ಮೈಯನ್ನ ಇಷ್ಟು ಸೊರಗಿಸೋಕೆ ವರ್ಷಗಟ್ಟಲೆ ಬೇಕು. ನಿನ್ನ ಹೆಂಡತಿ ಹೊಸ್ತಿಲು ತುಳಿಯೋಕೆ ಮುಂಚಿನ ಮಾತಿದು, ನಿಮ್ಮಪ್ಪ ಕೆಮ್ಮಿ ಕೆಮ್ಮಿ ಹೋದ ಕಾಲದ್ದು. ಆ ಐದು ಚುಕ್ಕೆ ಇಲ್ಲದಿದ್ದರೆ ನಿಮ್ಮಮ್ಮ ಹೀಗೇ ಕರಗಿ ಹೋಗೋರು, ಯಾಕೆ ಅಂತ ನಮಗೆ ಗೊತ್ತೂ ಆಗ್ತಿರಲಿಲ್ಲ. ಮಾತ್ರೆ ಶುರು ಮಾಡೋಕೆ ಇನ್ನೂ ಹೊತ್ತು ಮೀರಿಲ್ಲ. ಎರಡು ಮೂರು ಪರೀಕ್ಷೆ ಮುಗಿಸಿ ಶುರು ಮಾಡೋಣ."

ಮಗ ತಲೆ ತಗ್ಗಿಸಿದ. ಹೆಂಡತಿಗೆ ಮಾತ್ರ ಕೇಳುವಂತೆ ಏನೋ ಹೇಳಿದ. ಅವಳು ಮಗುವನ್ನು ಅವನ ಕೈಯಿಂದ ತೆಗೆದುಕೊಂಡು ಡಾಕ್ಟರಮ್ಮನ ಕಡೆ ನೋಡಿದಳು. ಕೇಳಬೇಕಾದದ್ದೆಲ್ಲ ಆ ನೋಟದಲ್ಲೇ ಇತ್ತು.

"ಆ ರಿಪೋರ್ಟು ನಿನ್ನದಲ್ಲ. ಹಾಲು ನಿಲ್ಲಿಸು ಅನ್ನೋಕೆ ನನ್ನ ಹತ್ರ ಕಾರಣವೇ ಇಲ್ಲ," ಎಂದರು ಡಾಕ್ಟರಮ್ಮ. "ಸೋಂಕು ತಾಗದ ಹಾಗೆ ಮಗುವಿಗೆ ಕೊಡ್ತಿರೋ ಸಿರಪ್ಪು ತಪ್ಪಿಸಬೇಡ. ಸಂಜೆ ಬಸ್ಸಿಗೆ ನಿನ್ನದೇ ರಕ್ತದ ಕಾರ್ಡು ಹೋಗತ್ತೆ, ಈ ಟೆಕ್ನಿಷಿಯನ್ ಮಹಾಶಯನ ಎದುರಲ್ಲೇ."

ಪರದೆಯ ಮರೆಯಲ್ಲಿ ಮಗುವಿನ ಅಳು ತಟ್ಟನೆ ನಿಂತಿತು. ಗಡಬಡಿಸಿ ನುಂಗುವ ಸದ್ದು ಈಚೆಗೂ ಕೇಳಿಸುತ್ತಿತ್ತು. ಟೆಕ್ನಿಷಿಯನ್ ಏನೋ ನೆಪ ಹೇಳಿ ಹೊರಗೆ ಹೋಗಿ ಮೂಗು ಒರೆಸಿಕೊಂಡ.

ಅತ್ತೆ ಇನ್ನೂ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲೇ ಕೂತಿದ್ದಳು. ಈ ವಯಸ್ಸಿನಲ್ಲಿ ಇನ್ನೊಬ್ಬರಿಗೆ ಹೊರೆಯಾದೆನಲ್ಲ ಎಂದು ಕೊಡೆಯಕ್ಕನ ಹತ್ತಿರ ಸಣ್ಣ ದನಿಯಲ್ಲಿ ಹಲುಬುತ್ತಿದ್ದಳು. ಅಷ್ಟರಲ್ಲಿ ಪರದೆಯ ಆಚೆಯಿಂದ ಸೊಸೆಯ ದನಿ ಬಂತು. ಸೋತ ದನಿಯಲ್ಲ; ಅಂಗಡಿಯಲ್ಲಿ ಬಟ್ಟೆ ಅಳತೆ ಹೇಳುವವರ ದನಿ.

"ಕೊಡೆಯಕ್ಕ, ಅತ್ತೆಗೂ ನನಗೂ ಒಂದೇ ದಿನ ಬರೋಕೆ ಹೇಳಿ. ಅವರು ಒಳಗೆ ಹೋದಾಗ ಮಗೂನ ನಾನು ಎತ್ಕೋತೀನಿ, ನಾನು ಹೋದಾಗ ಅವರು ಎತ್ಕೋಬೇಕು. ಅತ್ತೆ, ಕೇಳಿಸ್ತಾ? ಈ ಮಗು ಬೇರೆ ಯಾರ ಹತ್ರಾನೂ ಇರಲ್ಲ."

ಅತ್ತೆ ಎದ್ದು ಪರದೆ ಸರಿಸಿ ಒಳಗೆ ಹೋದಳು.