ಆಕೆ ಇದ್ದಾಗ ಕೆಡದ ಪ್ರೋಗ್ರಾಂ

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಲಿಫ್ಟ್ ರಿಪೇರಿ ಕಂಪನಿಯ ಮಾಲೀಕ ಠಾಣೆಗೆ ನುಗ್ಗಿ ಕೂಗಿದ ಕೂಗಿಗೆ ಗೋಡೆಯ ಗಡಿಯಾರ ಎರಡು ನಿಮಿಷ ಹಿಂದಕ್ಕೆ ಸರಿಯಿತು. ಎಫ್‌ಐಆರ್‌ನಲ್ಲಿ ವೇಳೆ ಹತ್ತು ಐವತ್ತೆಂಟು ಎಂದು ದಾಖಲಾಗಿರುವುದು ಅದಕ್ಕೇ.

ದೂರಿನ ಸಾರಾಂಶ ಇಷ್ಟು. ಹಿಂದಿನ ದಿನ ಮಧ್ಯಾಹ್ನ ಹಲ್ಲಿನ ಡಾಕ್ಟರೊಬ್ಬರು ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಮೇಲೆ ಅವರ ಕುರ್ಚಿಯಲ್ಲಿ ದವಡೆಗೆ ಮರಗಟ್ಟುವ ಸೂಜಿ ಚುಚ್ಚಿಸಿಕೊಂಡ ಪೇಷೆಂಟು ಬಾಯಿ ತೆರೆದು ಕಾದಿದ್ದ. ಆ ಬಾಯಿ ಎಷ್ಟು ಹೊತ್ತು ತೆರೆದಿತ್ತೆಂದರೆ, ಧೂಳು ಬೀಳದಿರಲಿ ಎಂದು ನರ್ಸು ಟವೆಲ್ ಹೊದಿಸಿದಳಂತೆ. ಯಾವ ಮೆಕ್ಯಾನಿಕ್ ಎಲ್ಲಿದ್ದಾನೆ ಎಂದು ತೋರಿಸುವ ಕಂಪನಿಯ ಕಂಪ್ಯೂಟರ್ ಪ್ರೋಗ್ರಾಂ ಅದೇ ಹೊತ್ತಿಗೆ ಕೆಲಸ ನಿಲ್ಲಿಸಿ ಬಿದ್ದುಹೋಗಿತ್ತು. ಡಾಕ್ಟರಿಗೆ ಉಸಿರಾಟದ ತೊಂದರೆ ಬೇರೆ. ಹೊರಗೆ ತೆಗೆದಾಗ ಮೈಯೆಲ್ಲ ಬೆವರು, ಆಸ್ಪತ್ರೆಗೆ ಸೇರಿಸಬೇಕಾಯಿತು.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು. ಅವರ ಮೂಗು ಅಂತಿಂಥದ್ದಲ್ಲ. ಪಕ್ಕದ ಬೀದಿಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ಇಲ್ಲಿ ಕೂತವರಿಗೆ ಸೀನು ಬರುತ್ತಿತ್ತು.

"ಆ ಪ್ರೋಗ್ರಾಂ ಬರೆದವಳ ಮೇಲೆ ಸಾರ್. ತಾನೇ ಹುಳ ಬಿಡ್ತಾಳೆ, ತಾನೇ ಬಂದು ಹಿಡೀತಾಳೆ. ಬಂದಾಗೆಲ್ಲ ಫೀಸು."

"ಸಾಕ್ಷಿ?"

"ಅವಳು ನಮ್ಮ ಆಫೀಸಲ್ಲಿ ಕೂತಿರುವಾಗ ಒಂದೇ ಒಂದು ಸಲ ಬಿದ್ದಿಲ್ಲ. ಹೊರಟುಹೋದ ವಾರದೊಳಗೆ ಬೀಳುತ್ತೆ."

"ಡಾಕ್ಟರ ಮುಖ ಕಂಡ ಕೂಡಲೇ ಹಲ್ಲುನೋವು ಓಡಿಹೋಗಲ್ವಾ, ಹಾಗೆ," ಎಂದಳು ದಫೇದಾರಮ್ಮ. ಹದಿನೆಂಟು ವರ್ಷದ ಸೇವೆಯಲ್ಲಿ ಆಕೆ ಲಾಠಿ ಎತ್ತಿದವಳಲ್ಲ. ನಾಲಿಗೆ ಇತ್ತಲ್ಲ.

ಮಧ್ಯಾಹ್ನ ಇಬ್ಬರೂ ಸ್ಥಳ ಪರಿಶೀಲನೆಗೆ ಹೋದರು. ಕಂಪನಿಯ ಆಫೀಸು ಉದ್ದನೆಯ ಒಂದು ಕೋಣೆ. ಒಂದು ಬದಿಗೆ ಗಾಜಿನ ಗೋಡೆ, ಅದರಾಚೆ ಬಿಡಿಭಾಗಗಳ ಕಪಾಟುಗಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ಫೋನು, ಕಂಪ್ಯೂಟರ್. ಬೆಳಗಿನ ಪಾಳಿಗೆ ಒಬ್ಬ ಹುಡುಗಿ, ಮಧ್ಯಾಹ್ನದ ಪಾಳಿಗೆ ಎಲ್ಲರೂ ಬಟನ್ ಮಾಮ ಎಂದು ಕರೆಯುವ ಹಿರಿಯ. ಮೂವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದು, ಮಂಡಿ ಕೈಕೊಟ್ಟ ಮೇಲೆ ಮೇಜಿಗೆ ಬಂದವನು. ಆತ ಬಟನ್ ಒತ್ತಿದರೆ ಕೆಟ್ಟ ಲಿಫ್ಟೂ ನಾಚಿಕೊಂಡು ಮೇಲಕ್ಕೆ ಹೋಗುತ್ತಿತ್ತೆಂದು ಪ್ರತೀತಿ.

ಯಾರೂ ಮುಟ್ಟಕೂಡದೆಂದು ಮಾಲೀಕ ಹೇಳಿದ್ದರಿಂದ ಪರದೆಯ ಮೇಲೆ ಬೂದು ಬಣ್ಣದ ಒಂದು ಡಬ್ಬಿ ಇನ್ನೂ ನಿಂತಿತ್ತು. ದಫೇದಾರಮ್ಮ ಅಕ್ಷರ ಕೂಡಿಸಿ ಓದಿದಳು: "ಆಬ್ಜೆಕ್ಟ್ ರೆಫರೆನ್ಸ್ ನಾಟ್ ಸೆಟ್." ಪಂಚರ ಸಮಕ್ಷಮ ಫೋಟೋ ತೆಗೆದು ಪಂಚನಾಮೆ ಬರೆದರು.

"ಬೀಳೋದೆಲ್ಲ ಮಧ್ಯಾಹ್ನವೇ ಅಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಮಧ್ಯಾಹ್ನ ಫೋನ್ ಜಾಸ್ತಿ ಸಾರ್," ಎಂದ ಮಾಲೀಕ ದನಿ ತಗ್ಗಿಸಿ. "ಮಾಮನ ಸುದ್ದಿಗೆ ಹೋಗ್ಬೇಡಿ. ಅಪರಂಜಿ. ಅವಳ ಮೇಲೆ ದೂರು ಕೊಟ್ಟಿದ್ದನ್ನೂ ಇಲ್ಲಿ ಯಾರಿಗೂ ಹೇಳಿಲ್ಲ."

ಪ್ರೋಗ್ರಾಮರ್ ಇದ್ದದ್ದು ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಕೆಳಗಿನ ಹೊಲಿಗೆ ಯಂತ್ರಗಳ ಸದ್ದಿಗೆ ಆಕೆಯ ಎರಡು ಪರದೆಗಳೂ ಸಣ್ಣಗೆ ನಡುಗುತ್ತಿದ್ದವು. ಮೂವತ್ತೈದರ ಆಸುಪಾಸು, ಒಂಟಿ. ದೂರು ಓದಿ ಹೇಳಿದಾಗ ಆಕೆ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದಳು.

"ಇದು ಊರಲ್ಲಿ ಹಬ್ಬಿದ್ರೆ ನನ್ನ ಕೆಲಸ ಮುಗೀತು ಸಾರ್. ಹುಳ ಬಿಡೋಳ ಕೈಗೆ ಯಾರು ಕಂಪ್ಯೂಟರ್ ಕೊಡ್ತಾರೆ?"

"ಬಿಟ್ಟಿಲ್ಲ ಅಂತೀರಾ?"

"ನನ್ನ ಮೆಷಿನ್ನಲ್ಲಿ ಇದು ಬೀಳೋದೇ ಇಲ್ಲ."

"ಎಲ್ಲ ಕಳ್ಳರೂ ಅದನ್ನೇ ಹೇಳೋದು," ದಫೇದಾರಮ್ಮ ಬಾಯಿ ಹಾಕಿದಳು. "'ನಮ್ಮನೇಲಿ ಕೇಳಿ ನೋಡಿ, ನಾನು ಸಾಧು' ಅಂತ."

ಇನ್ಸ್‌ಪೆಕ್ಟರ್ ಫೋಟೋ ಮುಂದಿಟ್ಟರು. "ಇದರ ಅರ್ಥ ಏನಮ್ಮಾ?"

"ನನ್ನ ಪ್ರೋಗ್ರಾಮಲ್ಲಿ ಪ್ರತಿ ಲಿಫ್ಟೂ ಒಂದು ಆಬ್ಜೆಕ್ಟ್, ಪ್ರತಿ ಮೆಕ್ಯಾನಿಕ್ಕೂ ಒಂದು, ಪರದೆ ಮೇಲಿನ ಪ್ರತಿ ವಿಂಡೋನೂ ಒಂದು. ತಂತಮ್ಮ ವಿಷಯ ತಮಗೆ ಗೊತ್ತು, ಕರೆದ್ರೆ ಉತ್ತರ ಕೊಡ್ತವೆ. ಈ ಡಬ್ಬಿ ಏನು ಹೇಳುತ್ತೆ ಅಂದ್ರೆ, ಹೆಸರು ಹಿಡಿದು ಕೂಗಿದೀವಿ, ಓಗೊಡೋಕೆ ಅಲ್ಲಿ ಯಾರೂ ಇಲ್ಲ ಅಂತ."

"ಯಾರನ್ನ ಕೂಗಿದ್ದು?"

"ಅದೇ ಗೊತ್ತಾಗ್ತಿಲ್ಲ. ತಪ್ಪು ನಂದೂ ಇದೆ. ಎರರ್ ಬಂದ್ರೆ ನುಂಗ್ಕೊಂಡು ಸುಮ್ನಿರು ಅಂತ ಕೆಲವು ಕಡೆ ಬರೆದಿದ್ದೆ. ನುಂಗಿದ್ದು ಎಲ್ಲಿಗೆ ಹೋಗುತ್ತೆ? ಇನ್ನೆಲ್ಲೋ ಹೊರಗೆ ಬರುತ್ತೆ, ಆಗ ಮೂಲ ಸಿಗಲ್ಲ. ಅದನ್ನೆಲ್ಲ ತೆಗೆದುಹಾಕಿದೀನಿ. ಇನ್ನು ಬೀಳೋದನ್ನ ಕಣ್ಣಾರೆ ನೋಡಬೇಕು. ಮತ್ತೆ ಬೀಳಿಸಿ ತೋರಿಸಿದ್ರೆ ಅರ್ಧ ಹಿಡಿದ ಹಾಗೆ."

"ಕಾರಣ ಹಿಡಿಯೋದು ಹೇಗೆ?"

"ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು ಸಾರ್. ಎರಡು ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅನ್ನೋದು ದೇವರಿಗೂ ಗೊತ್ತಾಗಲ್ಲ."

ಇನ್ಸ್‌ಪೆಕ್ಟರ್ ಬರೆದುಕೊಳ್ಳುವುದನ್ನು ನಿಲ್ಲಿಸಿ ಆಕೆಯನ್ನು ನೋಡಿದರು. ಇಲಾಖೆಯ ತರಬೇತಿ ಶಾಲೆಯಲ್ಲಿ ಒಂದು ವರ್ಷ ಕೂರಿಸಿದರೂ ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಅವರ ಆದೇಶದಂತೆ ಗುರುವಾರದಿಂದ ಶನಿವಾರದವರೆಗೆ ಪ್ರೋಗ್ರಾಮರ್ ಬಟನ್ ಮಾಮನ ಪಕ್ಕ ಕೂತಳು, ಎದುರಿಗೆ ದಫೇದಾರಮ್ಮ. ಪ್ರೋಗ್ರಾಂ ಬೀಳಲಿಲ್ಲ. ಶನಿವಾರ ಸಂಜೆ ದಫೇದಾರಮ್ಮ ವರದಿ ಒಪ್ಪಿಸಿದಳು.

"ಮೂರು ದಿನ ಸಾರ್, ಬಂಡೆ ಥರ ನಿಂತಿತ್ತು. ಇಬ್ಬರ ಮಧ್ಯೆ ಮಾತು ಅಂದ್ರೆ 'ಇಲ್ಲಿ ಒತ್ತಿ', 'ಒತ್ತಿದೆ'. ಅಷ್ಟೇ. ಆಣೆಗೂ ಮೂರನೇ ಮಾತಿಲ್ಲ. ಆದ್ರೆ ಮಾಮ ಕೆಲಸ ಎಷ್ಟು ನಿಧಾನ ಮಾಡಿದ ಅಂದ್ರೆ, ಆಮೆ ನೋಡಿದ್ರೆ 'ಹಿಂದೆ ಗಾಡಿ ಬರ್ತಿದೆ, ಸ್ವಲ್ಪ ಬೇಗ' ಅಂತಿತ್ತು."

"ಹೊಸ ಕೆಲಸವಾ ಅವನಿಗೆ?"

"ಎಲ್ಲಿ ಹೊಸದು? ಅವಳು ಊಟಕ್ಕೆ ಎದ್ದುಹೋದಾಗ ನೋಡಿದೀನಲ್ಲ, ಎಷ್ಟು ಬೇಗ ಒತ್ತುತ್ತಾನೆ ಅಂದ್ರೆ ಬೆರಳು ಕಾಣಿಸಲ್ಲ."

ಮಂಗಳವಾರ ಪ್ರೋಗ್ರಾಂ ಬಿತ್ತು. ಪ್ರೋಗ್ರಾಮರ್ ಬಂದಳು, ಏನೂ ಸಿಗದೆ ಸಂಜೆವರೆಗೆ ಕೂತು ಹೋದಳು. ಮಾಲೀಕ ಠಾಣೆಗೆ ಫೋನ್ ಮಾಡಿ, "ನಾನು ಹೇಳಲಿಲ್ವಾ? ಇನ್ನೂ ಯಾಕೆ ಒಳಗೆ ಹಾಕಿಲ್ಲ?" ಎಂದು ಗುಡುಗಿದ. ಆ ಗುಡುಗಿಗೆ ರಿಸೀವರ್ ಬಿಸಿಯಾಯಿತು.

ಇನ್ಸ್‌ಪೆಕ್ಟರ್ ಒಂದೇ ಒಂದನ್ನು ಬದಲಾಯಿಸಿದರು. ಅದರ ಸುದ್ದಿ ಕೇಳಿ ನಾಲ್ಕು ಜನ ಖಾಸಗಿ ಪತ್ತೇದಾರರು ಕಸುಬು ಬಿಟ್ಟು ತರಕಾರಿ ಮಾರಲು ಹೋದರೆಂದು ಪೊಲೀಸ್ ವಲಯದಲ್ಲಿ ಇಂದಿಗೂ ಮಾತಿದೆ. ಮಾಲೀಕನ ಬಾಯಿಂದ ಆಫೀಸಿನಲ್ಲಿ ಒಂದು ಮಾತು ಹೇಳಿಸಿದರು: ಇನ್ನು ಮುಂದೆ ಆ ಮೇಡಂ ಬರುವುದಿಲ್ಲ, ಬಿದ್ದರೆ ಗಡ್ಡದ ಹೊಸ ಇಂಜಿನಿಯರ್ ಬರುತ್ತಾನೆ. ಕಂಪ್ಯೂಟರ್ ಅದೇ, ಪ್ರೋಗ್ರಾಂ ಅದೇ, ಪಾಳಿಗಳೂ ಅವೇ.

ಎರಡು ವಾರ ಕಳೆದರೂ ಪ್ರೋಗ್ರಾಂ ಬೀಳಲಿಲ್ಲ. ಒಮ್ಮೆ ಆಕಳಿಸಲೂ ಇಲ್ಲ.

"ಗಡ್ಡ ಕಂಡರೆ ಹುಳಕ್ಕೆ ಭಯವಾ ಸಾರ್?" ದಫೇದಾರಮ್ಮ ಕೇಳಿದಳು.

"ಗಡ್ಡ ಇನ್ನೂ ಬಂದೇ ಇಲ್ಲವಲ್ಲ," ಎಂದರು ಇನ್ಸ್‌ಪೆಕ್ಟರ್. "ಆಕೆ ಬರಲ್ಲ ಅನ್ನೋ ಮಾತು ಬಂದಿದೆ, ಅಷ್ಟೇ. ಆ ಮಾತು ಕಂಪ್ಯೂಟರಿಗೆ ಹೇಗೆ ಕೇಳಿಸ್ತು?"

ಮುಂದಿನ ಸೋಮವಾರ ಬೆಳಿಗ್ಗೆ ಮಾಲೀಕ ಮತ್ತೆ ಸಾರಿದ: ಗಡ್ಡದವನು ಕೈಕೊಟ್ಟ, ಇಂದಿನಿಂದ ಹಳೇ ಮೇಡಮ್ಮೇ. ಮಧ್ಯಾಹ್ನ ಎರಡು ಗಂಟೆಗೆ ಪೊಲೀಸರಿಬ್ಬರೂ ಗಾಜಿನಾಚೆಯ ಕಪಾಟುಗಳ ಹಿಂದೆ ನಿಂತರು.

ಬಟನ್ ಮಾಮ ಬಂದು ಕೂತ. ಲಿಫ್ಟ್ ನಿಂತಿತೆಂದು ಎರಡು ದೂರು ಬಂದವು, ಎರಡಕ್ಕೂ ಮೆಕ್ಯಾನಿಕ್‌ಗಳನ್ನು ಕಳಿಸಿ, ಜನ ಹೊರಗೆ ಬಂದರೆಂದು ಖಾತ್ರಿ ಮಾಡಿಕೊಂಡ. ಫೋನು ಸುಮ್ಮನಾಯಿತು. ಆತ ಹುಡುಕುವ ಗುಂಡಿ ಒತ್ತಿದ. ಪರದೆಯ ಮೇಲೆ ಚಿಕ್ಕದೊಂದು ವಿಂಡೋ ತೆರೆದು ಉತ್ತರಕ್ಕೆ ಕಾಯತೊಡಗಿತು. ಉತ್ತರ ಬರುವ ಮೊದಲೇ ಮೂಲೆಯ ಅಡ್ಡಗುರುತು ಒತ್ತಿ ಅದನ್ನು ಮುಚ್ಚಿದ. ಒಂದು ಉಸಿರಿನಷ್ಟು ಹೊತ್ತು. ಬೂದು ಡಬ್ಬಿ ಬಂತು.

ಆತ ಫೋನ್ ಎತ್ತಿದ. "ಮತ್ತೆ ಬಿತ್ತು ಮೇಡಂ."

ಆಮೇಲೆ ಎದ್ದು ತನ್ನ ಕರ್ಚೀಫಿನಿಂದ ಕುರ್ಚಿ ಒರೆಸಿದ. ಫ್ಯಾನನ್ನು ಕುರ್ಚಿಯ ಕಡೆಗೆ ತಿರುಗಿಸಿದ. ಜೇಬಿನಿಂದ ಬಾಚಣಿಗೆ ತೆಗೆದ.

ಕಪಾಟಿನ ಹಿಂದೆ ದಫೇದಾರಮ್ಮನಿಗೆ ಹೇಳಲು ಮಾತು ಸಿಗಲಿಲ್ಲ. ಆಕೆಯ ಸೇವಾ ಪುಸ್ತಕದಲ್ಲಿ ಅಂಥದ್ದು ಇದೇ ಮೊದಲು.

ಇನ್ಸ್‌ಪೆಕ್ಟರ್ ಹೊರಗೆ ಬಂದರು. "ಏನಾಯ್ತು ಮಾಮ?"

"ಬಿತ್ತು ಸಾರ್."

"ಹೇಗೆ?"

"ತಾನಾಗೇ."

"ತಾನಾಗೇ ಬಿದ್ರೆ ಬರೆದವಳ ತಪ್ಪು. ದಫೇದಾರಮ್ಮ, ಆಕೆ ಬಂದ ಕೂಡಲೇ ಜೀಪಿಗೆ ಹತ್ತಿಸಿ."

ಬಾಚಣಿಗೆ ಕೈಯಲ್ಲೇ ಉಳಿಯಿತು. "ಅವಳನ್ನ ಯಾಕೆ ಸಾರ್?"

"ದೂರು ಇರೋದೇ ಆಕೆ ಮೇಲೆ. ಫೀಸಿಗೋಸ್ಕರ ತಾನೇ ಕೆಡಿಸ್ತಾಳೆ ಅಂತ. ಕೇಸ್ ನಿಂತ್ರೆ ಜೈಲು. ನಿಲ್ಲದಿದ್ರೂ ಈ ಕಸುಬು ಮುಗೀತು."

"ನಾನು ಸಾರ್." ಮಾಮ ಮೇಜಿನ ಅಂಚು ಹಿಡಿದುಕೊಂಡ. "ಅವಳಿಗೇನೂ ಗೊತ್ತಿಲ್ಲ. ಎಲ್ಲ ಸಲಾನೂ ನಾನೇ."

"ಯಾಕೆ?"

"ನನ್ನ ಮಗಳು."

ಹೇಳಿಕೆಯನ್ನು ದಫೇದಾರಮ್ಮ ಅಲ್ಲೇ ಬರೆದುಕೊಂಡಳು. ಒಂಬತ್ತು ವರ್ಷದ ಹಿಂದೆ ಮಗಳು ಬೇರೆ ಊರಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು, ಹೋಗುತ್ತೇನೆ ಎಂದಳು. ತಾಯಿ ಇಲ್ಲದ ಮನೆ. ಅಪ್ಪ ಬೇಡ ಎಂದ. ಮಾತಿಗೆ ಮಾತು ಬೆಳೆಯಿತು, ಆಕೆ ಹೋದಳು.

"ಎರಡು ತಿಂಗಳಿಗೆ ವಾಪಸ್ ಬಂದ್ಲು ಸಾರ್. ಬಾಗಿಲು ಬಡಿದ್ಲು. ನಾನು ಒಳಗೇ ಇದ್ದೆ."

"ತೆಗೀಲಿಲ್ವಾ?"

"ಇನ್ನೊಂದು ಸಲ ಬಡೀಲಿ ಅಂತ ಕಾದೆ. ಬಡೀಲಿಲ್ಲ."

"ಆಮೇಲೆ?"

"ಹೋದ ವರ್ಷ ಇಲ್ಲಿಗೆ ಪ್ರೋಗ್ರಾಂ ಹಾಕೋಕೆ ಬಂದೋಳು ಇವಳೇ. ನನ್ನನ್ನ ನೋಡಿದ್ಲು. 'ನಮಸ್ಕಾರ, ಯೂಸರ್ ನೇಮ್ ಏನಿಡ್ಲಿ' ಅಂದ್ಲು. ನಾನೂ ಹೇಳಿದೆ. ಮೊದಲನೇ ಸಲ ಕೈತಪ್ಪಿ ಮುಚ್ಚಿದ್ದು ಸಾರ್. ಬಿತ್ತು, ಅವಳು ಬಂದ್ಲು. ನನ್ನ ಕುರ್ಚೀಲಿ ಕೂತ್ಲು. ಏನ್ ಒತ್ತಿದ್ರಿ, ಆಮೇಲೇನಾಯ್ತು, ಪರದೆ ಬೆಳ್ಳಗಾಯ್ತಾ ಅಂತ ಒಂದೊಂದೇ ಕೇಳಿದ್ಲು. ಅಷ್ಟು ಹೊತ್ತು ನನ್ನ ಜೊತೆ ಮಾತಾಡಿದ್ಲು."

"ಹಲ್ಲಿನ ಡಾಕ್ಟರು?"

ಮಾಮನ ತಲೆ ಬಾಗಿತು. "ಫೋನಿಲ್ಲದ ಹೊತ್ತು ನೋಡಿಯೇ ಬೀಳಿಸ್ತಿದ್ದೆ. ಅವತ್ತು ಬೀಳಿಸಿ ಮುಖ ತೊಳೆಯೋಕೆ ಹೋದೆ, ಅಷ್ಟರಲ್ಲಿ ಆ ಕರೆ ಬಂದಿತ್ತು. ಮೂವತ್ತು ವರ್ಷ ಒಬ್ಬರನ್ನೂ ಒಳಗೆ ಕಾಯಿಸಿದವನಲ್ಲ ಸಾರ್ ನಾನು. ಅದಕ್ಕೆ ಏನು ಶಿಕ್ಷೆ ಇದ್ರೂ ಕೊಡಿ."

ಮಧ್ಯಾಹ್ನ ಮೂರು ಹತ್ತಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಜೀಪಿನ ಹಿಂಬದಿಗೆ ಹತ್ತಿಸುವ ಹೊತ್ತಿಗೆ ಮಗಳು ಬ್ಯಾಗು ಹೊತ್ತು ಬಂದಳು. ಇನ್ಸ್‌ಪೆಕ್ಟರ್ ಪ್ರೋಗ್ರಾಂ ಬಿದ್ದ ಬಗೆಯನ್ನು ವಿವರಿಸಿದರು. ಆಕೆಯ ಕಣ್ಣು ಮೊದಲು ಪ್ರೋಗ್ರಾಮಿನ ಕಡೆಗೇ ಹೋಯಿತು, ಕಸುಬಿನ ಗುಣ.

"ಹುಡುಕುವಾಗ ಪರದೆ ಹೆಪ್ಪುಗಟ್ಟಬಾರದು ಅಂತ ಆ ಕೆಲಸಾನ ಹಿಂದುಗಡೆ ಬೇರೆಯಾಗಿ ನಡೆಯೋ ಹಾಗೆ ಬರೆದಿದ್ದೆ. ಉತ್ತರ ಹೊತ್ತು ವಾಪಸ್ ಬಂದಾಗ ಕಳಿಸಿದ ವಿಂಡೋನೇ ಇಲ್ಲ. ನನ್ನ ಮೆಷಿನ್ನಲ್ಲಿ ಇರೋದು ನಾಲ್ಕೇ ಲಿಫ್ಟು, ಉತ್ತರ ತಕ್ಷಣ ಬಂದ್ಬಿಡುತ್ತೆ. ಮುಚ್ಚೋಕೆ ಪುರುಸೊತ್ತಿಲ್ಲ. ಅದಕ್ಕೇ..."

ಆಕೆ ಜೀಪಿನ ಕಡೆ ತಿರುಗಿದಳು.

"ನಿಂಗೆ ಬುದ್ಧಿ ಇದೆಯಾ ಅಪ್ಪ?" ಆ ದನಿಗೆ ಬೀದಿಯ ಎರಡೂ ಬದಿಯ ಕಿಟಕಿಗಳು ತೆರೆದವು. "ಫೋನ್ ನಂಬರ್ ಇತ್ತು ತಾನೇ? ಪ್ರೋಗ್ರಾಂ ಬಿತ್ತು ಮೇಡಂ, ಮೇಡಂ ಅಂತ ಮಾಡ್ತಿದ್ಯಲ್ಲ, ಅದೇ ನಂಬರಿಗೆ ಒಂದು ಸಲ, ಒಂದೇ ಒಂದು ಸಲ, ಬಾ ಅನ್ನೋಕೆ ಏನಾಗಿತ್ತು? ಒಬ್ಬ ಮನುಷ್ಯ ಉಸಿರು ಕಟ್ಟಿ ಸಾಯ್ತಿದ್ದ! ನಾನು ಎಷ್ಟು ರಾತ್ರಿ ನಿದ್ದೆಗೆಟ್ಟೆ ಗೊತ್ತಾ, ನನ್ನ ಕೋಡಲ್ಲಿ ಏನು ತಪ್ಪು, ಏನು ತಪ್ಪು ಅಂತ?"

"ಸಾಕಮ್ಮ," ಎಂದು ಇನ್ಸ್‌ಪೆಕ್ಟರ್ ಕೈ ಎತ್ತಿದರು.

"ತಡೀಬೇಡಿ ಸಾರ್," ಮಾಮ ಒಳಗಿಂದ ಹೇಳಿದ. "ಇನ್ನೂ ಸ್ವಲ್ಪ ಬೈಯ್ಲಿ."

ಇನ್ಸ್‌ಪೆಕ್ಟರ್ ಚಾಲಕನ ಸೀಟಿನಲ್ಲಿದ್ದ ದಫೇದಾರಮ್ಮನಿಗೆ ಸನ್ನೆ ಮಾಡಿದರು. ಆಕೆ ಕೀಲಿಯನ್ನು ಮುಟ್ಟಲೂ ಇಲ್ಲ.

"ಸ್ಟಾರ್ಟ್ ಆಗ್ತಿಲ್ಲ ಸಾರ್," ಎಂದಳು. ಆ ಜೀಪು ಹೋದ ವಾರವಷ್ಟೇ ಸರ್ವೀಸ್ ಆಗಿ ಬಂದಿತ್ತು.

ಮಗಳು ಬೈದಳು. ಒಂಬತ್ತು ವರ್ಷದ ಬಾಕಿಯನ್ನೆಲ್ಲ ಬೈದಳು. ಮುಗಿದ ಮೇಲೆ ಕಣ್ಣೊರೆಸಿಕೊಂಡು, ಕೋರ್ಟಿಗೆ ಎಷ್ಟು ಗಂಟೆಗೆ ಕರೆತರುತ್ತೀರಿ ಎಂದು ದಫೇದಾರಮ್ಮನನ್ನು ಕೇಳಿ, ತಂದೆಯ ಕಡೆ ನೋಡದೆ ಒಳಗೆ ಹೋದಳು. ಒರೆಸಿಟ್ಟ ಕುರ್ಚಿಯಲ್ಲಿ ಕೂತು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಳು.

ಮಾಮ ಜೀಪಿನಿಂದ ಅದನ್ನೇ ನೋಡುತ್ತಿದ್ದ. "ಸರಿ ಮಾಡಿಬಿಡ್ತಾಳಾ ಸಾರ್?"

"ಕಾರಣ ಗೊತ್ತಾಯ್ತಲ್ಲ. ಮಾಡ್ತಾಳೆ."

"ಇನ್ನು ಯಾವತ್ತೂ ಬೀಳಲ್ವಾ?"

ಇನ್ಸ್‌ಪೆಕ್ಟರ್ ದಫೇದಾರಮ್ಮನಿಗೆ ಮತ್ತೆ ಸನ್ನೆ ಮಾಡಿದರು. ಜೀಪು ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ದೋಷಾರೋಪ ಪಟ್ಟಿಯನ್ನು ಅವರೇ ಕೂತು ಬರೆದರು. ಆರೋಪಿಯು ಫಿರ್ಯಾದಿಯ ಕಂಪ್ಯೂಟರ್ ಪ್ರೋಗ್ರಾಮನ್ನು ಹಲವು ಬಾರಿ ಬೇಕೆಂದೇ ಕೆಡಿಸಿರುತ್ತಾನೆ. ಅದರಿಂದ ಒಬ್ಬರ ಪ್ರಾಣಕ್ಕೆ ಅಪಾಯವಾಗಿರುತ್ತದೆ. ತಪ್ಪನ್ನು ತಾನೇ ಒಪ್ಪಿಕೊಂಡಿರುತ್ತಾನೆ. ಪ್ರೋಗ್ರಾಮರ್ ಮೇಲಿನ ಆರೋಪ ಸಾಬೀತಾಗಿಲ್ಲ. ಉದ್ದೇಶ ಎಂಬಲ್ಲಿ ಲಾಭ, ದ್ವೇಷ ಎರಡನ್ನೂ ಬರೆಯಲು ಬರಲಿಲ್ಲ. ಕೊನೆಗೆ ಬರೆದರು: ಮಗಳು ಮಾತಾಡುವುದನ್ನು ಕೇಳಬೇಕಾಗಿತ್ತು.