ರೋಹಿಣಿಗಡ

“ನೋಡ್ರಿ, ಅಳೀರಿ, ಫೋಟೋ ಹೊಡಕೋರಿ. ಹೆಸರೊಂದ ಇಡಬ್ಯಾಡ್ರಿ,” ಎಂದಳು ಚಹಾದಂಗಡಿಯ ಮುದುಕಿ ದುರಗವ್ವ, ಚಹಾದ ಗ್ಲಾಸನ್ನು ಮಹಾಂತೇಶನ ಮುಂದೆ ಕುಟ್ಟಿ ಇಡುತ್ತ.

ಅಮೀನಗಡ ದಾಟಿ ಹುನಗುಂದದ ಕಡೆ ಹೋಗುವ ಹೆದ್ದಾರಿಯಿಂದ ಒಳಗೆ ಹೊರಳಿದರೆ ಸಿಗುವ ಊರು ಅದು. ಊರ ಬೆನ್ನಿಗೆ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಕೋಟೆ. ಊರಿಗೆ ಹೆಸರಿತ್ತು, ಗುಡ್ಡಕ್ಕಿತ್ತು, ಗುಡ್ಡದ ಬುಡದ ಹಾಳು ಬಾವಿಗೂ ಇತ್ತು. ಕೋಟೆಯ ಹೆಸರು ಕೇಳಿದರೆ ಮಾತ್ರ ಊರವರು ಗದ್ದ ಎತ್ತಿ ತೋರಿಸಿ “ಮ್ಯಾಲಿಂದು” ಅನ್ನುತ್ತಿದ್ದರು, ಅಷ್ಟೇ.

ಮಹಾಂತೇಶ ಧಾರವಾಡದವನು. ಜಿಲ್ಲೆಯ ಗುಡ್ಡಗೋಟೆಗಳನ್ನು ತಾಲೂಕುವಾರು ಪಟ್ಟಿ ಮಾಡಿ ನಕಾಶೆಗೆ ಏರಿಸುವ ಕೆಲಸ ಹಿಡಿದು ಬಾಗಲಕೋಟೆಗೆ ಬಂದಿದ್ದ. ಹೆಂಡತಿ ನೀಲಗಂಗಾ, ಆರು ವರ್ಷದ ಮಗಳು ರೋಹಿಣಿಯೊಂದಿಗೆ ನವನಗರದಲ್ಲಿ ಬಾಡಿಗೆ ಮನೆ. ಬಾದಾಮಿ ಸೀಮೆಯ ಕೋಟೆಗಳನ್ನೆಲ್ಲ ಮುಗಿಸಿ ಈಗ ಹುನಗುಂದದ ಸೀಮೆಗೆ ಕಾಲಿಟ್ಟಿದ್ದ. ಕೆಲಸದಲ್ಲಿ ಗಟ್ಟಿಗ, ಬಾಯಿ ಮಾತ್ರ ಸ್ವಲ್ಪ ಜೋರು.

“ಯಾಕವ್ವ, ಹೆಸರಿಟ್ಟರ ಕೋಟಿ ಸಿಟ್ಟಾಗತೈತೇನು?”

ದುರಗವ್ವ ನಗಲಿಲ್ಲ. “ಹಿಂದಕ ವೈರಿ ರಾಜ ಇದರ ಮ್ಯಾಲ ಮಾಟ ಮಾಡಿಸಿದ್ದ. ಮಾಟ ಹತ್ತಬೇಕಂದ್ರ ಹೆಸರ ಬೇಕಲ್ರಿ? ಒಳಗಿನ ಮಂದಿ ಶಾಣ್ಯಾ ಇದ್ರು. ಕೋಟಿ ಹೆಸರ ಎಲ್ಲೆಲ್ಲಿ ಬರದಿತ್ತೋ ಅಲ್ಲೆಲ್ಲ ಕೆರದು ಹಾಕಿದ್ರು. ಬಾಯಾಗ ಸುದ್ದಾ ಆಡಲಿಲ್ಲ. ಕಡೀಕ ಎಲ್ಲಾರಿಗೂ ಮರತ ಹೋತು. ಮಾಟ ಮಾತ್ರ ಅಲ್ಲೇ ಕುಂತೈತಿ, ಹೆಸರ ಯಾವಾಗ ಸಿಕ್ಕೀತಂತ.”

“ಇಷ್ಟ ವರ್ಷ?”

“ಅದಕ್ಕೇನ ಬ್ಯಾಸರ ಬರತೈತೇನ್ರಿ.”

“ಹಂಗಾರ ಅದಕ್ಕೊಂದು ಪೆನ್ಶನ್ ಮಾಡಿಸಿ ಕೊಡೂಣಂತ ಬಿಡು,” ಎಂದು ನಗುತ್ತ ಮಹಾಂತೇಶ ಚೀಲ ಹೆಗಲಿಗೇರಿಸಿದ. ಅಲ್ಲಿಂದಲೇ ಬೈಕು ತಿರುಗಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮನುಷ್ಯ ಕೇಳಬೇಕಲ್ಲ.

ಮಧ್ಯಾಹ್ನದ ಬಿಸಿಲಿಗೆ ಗುಡ್ಡದ ಬಂಡೆಗಳು ಹೆಂಚಿನಂತೆ ಕಾದಿದ್ದವು. ಗೋಡೆ ಅಳೆದ. ಗೋಡೆಗುಂಟ ಎದ್ದ ಕಾವಲು ಬುರುಜು, ಹುಡೇವುಗಳನ್ನು ಎಣಿಸಿದ. ಒಣಗಿ ಬಿರಿದ ಹೊಂಡದ ಚಿತ್ರ ತೆಗೆದ. ಹಾದಿಯಲ್ಲಿ ಸಿಕ್ಕ ಎರಡು ಶಾಸನಗಳಲ್ಲಿಯೂ ಒಂದೊಂದು ಕಡೆ ಉಳಿಯಿಂದ ಕೆರೆದ ಗುರುತಿತ್ತು. ಗಾಯ ಮಾಯ್ದ ಕಲೆಯ ಹಾಗೆ ಆ ಜಾಗವಷ್ಟೇ ನುಣ್ಣಗಾಗಿತ್ತು. ಮುದುಕಿ ಪೂರಾ ಸುಳ್ಳು ಹೇಳಿಲ್ಲ ಅಂದುಕೊಂಡ. ಆಗಲೂ ನಗುವೇ ಬಂತು.

ಹೆಬ್ಬಾಗಿಲು ಸೊಟ್ಟಗೆ ತಿರುಗಿ ಒಳಹೋಗುತ್ತಿತ್ತು. ಎರಡು ಹೆಜ್ಜೆ ಇಟ್ಟದ್ದೇ ತಡ, ಹೊರಗಿನ ಅಷ್ಟು ಬೆಳಕು ಯಾರೋ ಕದ ಹಾಕಿಕೊಂಡಂತೆ ಇಲ್ಲವಾಯಿತು. ಬಾವಲಿಗಳ ಹಿಕ್ಕೆಯ ಹುಳಿ ನಾತ. ಅದರೊಳಗೆ ಇನ್ನೊಂದು ವಾಸನೆ, ದೃಷ್ಟಿ ತೆಗೆದು ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟು. ಜನವೇ ಸುಳಿಯದ ಜಾಗದಲ್ಲಿ ಮೆಣಸಿನಕಾಯಿ ಸುಟ್ಟವರು ಯಾರು? ಕೆಮ್ಮುತ್ತ ಮೊಬೈಲಿನ ಬೆಳಕು ಮೇಲೆತ್ತಿದ. ತೊಲೆಗಲ್ಲಿಗೆ ಕಬ್ಬಿಣದ ಮೊಳೆಗಳಿಂದ ಜಡಿದ ತಾಮ್ರದ ತಗಡು. ಹಳೆಯ ಅಕ್ಷರ ಓದುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಸಾಲಿನ ಆರಂಭದಲ್ಲಿ ಹೆಸರಿದ್ದ ಜಾಗವನ್ನು ಕೆರೆದು ತೆಗೆದಿದ್ದರು. ಮುಂದೆ ಉಳಿದದ್ದು ಇಷ್ಟೇ: ಬಾಗಿಲು ಬಿಗಿಯಲಿ. ನೀರು ಬತ್ತಲಿ.

ಹೊರಗೆ ಬಂದು ಹುಡೇವಿನ ನೆರಳಿನಲ್ಲಿ ಕುಳಿತು ಮೊಬೈಲಿನ ಪಟ್ಟಿ ತೆರೆದ. ಅಳತೆ, ದಿಕ್ಕು, ಚಿತ್ರ ಎಲ್ಲ ತುಂಬಿದ. ಉಳಿದದ್ದು ಹೆಸರು. ‘ಹೆಸರಿಲ್ಲ’ ಎಂದು ಬರೆಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಮುಂಜಾನೆ ಶಾಲೆಯ ಚೀಲ ಹಾಕಿಕೊಳ್ಳುತ್ತ ರೋಹಿಣಿ, “ಅಪ್ಪಾ, ನನ್ನ ಹೆಸರಿನ ಕೋಟಿ ಒಂದರ ಐತೇನು?” ಎಂದು ಕೇಳಿದ್ದಳು. ಮಗಳೆಂದರೆ ಅವನಿಗೆ ಜೀವ. ಅವಳ ಹೆಸರು ನಕಾಶೆಯ ಮೇಲೆ ಶಾಶ್ವತವಾಗಿ ಇರಲಿ ಎಂದು ಆಸೆಯಾಯಿತು. ಬೆರಳು ತಾನಾಗಿ ಓಡಿತು. ರೋಹಿಣಿಗಡ.

ಒತ್ತಿದ. ಸೇವ್ ಆಯಿತು.

ಖುಷಿ ತಡೆಯದೆ ಮನೆಗೆ ಫೋನು ಹಚ್ಚಿದ. “ನಿನ್ನ ಹೆಸರಿನ ಕೋಟಿ ಸಿಕ್ತವಾ,” ಎಂದ. ಆ ಕಡೆಯಿಂದ, ಶಾಲೆ ಬಿಟ್ಟು ಬಂದಿದ್ದ ರೋಹಿಣಿ ಕಿಲಕಿಲ ನಕ್ಕಳು.

ನಗು ಅರ್ಧಕ್ಕೇ ನಿಂತಿತು.

“ರೋಹಿಣಿ?” ಫೋನು ನೆಲಕ್ಕೆ ಬಿದ್ದ ಸದ್ದು. ಆಮೇಲೆ ನೀಲಗಂಗಾಳ ದನಿ: “ಏನಾತ ಕೂಸ? ಬಾಯಿ ತಗಿ. ಬಾಯಿ ತಗಿಯವಾ.” ಮಹಾಂತೇಶನ ಬೆನ್ನ ಹಿಂದಿನಿಂದ, ಆ ಕತ್ತಲ ಬಾಗಿಲಿನಿಂದ, ಮೆಣಸಿನಕಾಯಿಯ ಘಾಟು ಬಿಸಿಯಾಗಿ ಹೊರನುಗ್ಗಿತು. ಅವನು ಬಿದ್ದು ಎದ್ದು ಗುಡ್ಡ ಇಳಿದ.

ದವಾಖಾನೆಯಲ್ಲಿ ಡಾಕ್ಟರು ತಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದರು. ದವಡೆ ಕಲ್ಲಿನಂತೆ ಬಿಗಿದಿತ್ತು. ಕಾರಣ ಮಾತ್ರ ಸಿಗಲಿಲ್ಲ. ಸಂಜೆಯ ಹೊತ್ತಿಗೆ ಮಗುವಿನ ತುಟಿ ಬಿರಿದವು. ಸಲಾಯಿನ್ ಬಾಟಲಿಗಳು ಒಂದರ ಹಿಂದೊಂದು ಖಾಲಿಯಾಗುತ್ತಿದ್ದವು, ಒಳಗೆ ಹೋದ ನೀರು ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ಮೈ ಒಣಗುತ್ತಲೇ ಹೋಯಿತು. ಅಳುತ್ತಿದ್ದ ಕಣ್ಣಲ್ಲಿ ಒಂದು ಹನಿ ಇಲ್ಲ. ಮಹಾಂತೇಶ ಪಟ್ಟಿ ತೆರೆದು ಹೆಸರು ಅಳಿಸಿದ. ಕೋಟೆಗೆ ಬರೀ ಅಂಕಿ ಕೊಟ್ಟ. ಏನೂ ಆಗಲಿಲ್ಲ. ಕಡೆಗೆ ನೀಲಗಂಗಾಳ ಎದುರು ಕುಳಿತು ಎಲ್ಲವನ್ನೂ ಹೇಳಿದ.

ಅವಳು ಬಯ್ಯಲಿಲ್ಲ. “ಆ ಮುದುಕೀನ್ನ ಹೋಗಿ ಕೇಳ್ರಿ,” ಎಂದಳು. “ಹೊತ್ತು ಕಳೀಬ್ಯಾಡ್ರಿ.”

ಬೆಳಕು ಹರಿಯುವ ಹೊತ್ತಿಗೆ ದುರಗವ್ವ ಅಂಗಡಿಯ ಮುಂದೆ ಕಸ ಹೊಡೆಯುತ್ತಿದ್ದಳು. ಅವನ ಮುಖ ಕಂಡದ್ದೇ ಅವಳ ಕೈಯಿಂದ ಕಸಬರಿಗೆ ಜಾರಿತು. ಮಹಾಂತೇಶ ಅವಳ ಕಾಲು ಹಿಡಿದ.

“ಯಾರ ಹೆಸರ ಇಟ್ರಿ?”

“ಮಗಳದು.”

ದುರಗವ್ವ ಗೋಡೆ ಹಿಡಿದು ಕುಳಿತಳು. “ಅಳಿಸಿದರ ಹೋಗಂಗಿಲ್ಲ ಅದು. ಅದರ ಮ್ಯಾಲ ಇನ್ನೊಂದ ಹೆಸರ ಇಡಬೇಕು. ಎಂಥಾದರ ನಡಿಯಂಗಿಲ್ಲ, ಕರೆದರ ಓ ಅನ್ನಾವರ ಹೆಸರ ಬೇಕು. ಆ ಹೆಸರಿನವರನ್ನ ಮಾಟ ಇಟ್ಟವರ ಮನಿಯಿಂದನ ಹುಡುಕಾಕ ಸುರು ಮಾಡತೈತಿ.”

“ಯಾರದ ಇಡ್ಲಿ?”

“ನನ್ನ ಕೇಳಬ್ಯಾಡ್ರಿ. ನನ್ನ ಹೆಸರ ಇಡಬ್ಯಾಡ್ರಿ. ನನಗೂ ಮಕ್ಕಳದಾವ.” ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಹಾಂತೇಶ ಮೊಬೈಲು ಹಿಡಿದು ನಿಂತ. ಆಗದವರ ಹೆಸರುಗಳು ನೆನಪಾದವು, ಸುಳ್ಳು ಯಾಕೆ ಹೇಳಬೇಕು. ಒಬ್ಬನ ಹೆಸರಿನ ಎರಡಕ್ಷರ ಒತ್ತಿಯೂ ಬಿಟ್ಟ. ಆಮೇಲೆ ನಾಚಿಕೆಯಾಗಿ ಅಳಿಸಿ ತನ್ನ ಹೆಸರನ್ನೇ ಬರೆದ. ಮಹಾಂತೇಶಗಡ. ದವಡೆಗೆ ಬಿಗಿತ ಹೊಕ್ಕಿತು. ಮಾಟ ಹತ್ತಿತು. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ದಾರಿಯುದ್ದಕ್ಕೂ ಬಾಯಿ ಬಿಗಿಯುತ್ತ ಬಂತು. ಬಿಗಿದಷ್ಟೂ ಮಗಳು ಉಳಿದಳು ಅಂದುಕೊಳ್ಳುತ್ತ ಬೈಕು ಓಡಿಸಿದ.

ವಾರ್ಡಿನಲ್ಲಿ ಬಿಸಿಲು ಬಿದ್ದಿತ್ತು. ರೋಹಿಣಿ ಎದ್ದು ಕುಳಿತಿದ್ದಳು. ಒಂದು ಗ್ಲಾಸು ನೀರು ಕುಡಿದು ಇನ್ನೊಂದಕ್ಕೆ ಕೈ ಚಾಚಿದ್ದಳು. “ಅಪ್ಪಾ, ನನ್ನ ಕೋಟಿ ಭಾಳ ದೊಡ್ಡದೈತೇನು?” ಎಂದಳು. ನೀಲಗಂಗಾ ನಗುತ್ತ ಅಳುತ್ತಿದ್ದಳು. ಮಹಾಂತೇಶ ಮಾತಾಡಲಾರದೆ ತಲೆಯಾಡಿಸಿದ. ತಾನು ಹೋದರೆ ಹೋಗಲಿ, ಇದೊಂದು ಸಾಕು ಅನ್ನಿಸಿತು.

ಅಷ್ಟರಲ್ಲಿ ನರ್ಸು ಕೇಸ್ ಪೇಪರ್ ಹಿಡಿದು ಬಾಗಿಲಿಗೆ ಬಂದಳು. ಕಾಗದ ನೋಡಿ ಕರೆದಳು.

“ರೋಹಿಣಿ ಮಹಾಂತೇಶ ಹೊಸಮನಿ.”

ಆ ಕರೆಯೊಳಗೆ ತನ್ನ ಹೆಸರೂ ಇದೆ ಎಂದು ಮಹಾಂತೇಶನಿಗೆ ಆಗ ಹೊಳೆಯಿತು. ಶಾಲೆಯ ಹಾಜರಿಯಲ್ಲಿ, ಆಧಾರ ಕಾರ್ಡಿನಲ್ಲಿ, ಎಲ್ಲ ಕಡೆಯೂ ಅಪ್ಪನ ಹೆಸರಿಲ್ಲದೆ ಈ ನಾಡಿನ ಮಗುವಿನ ಹೆಸರು ಮುಗಿಯುವುದಿಲ್ಲ. ಸುಮ್ಮನಿರವಾ, ಬಾಯಿ ತೆಗೀಬ್ಯಾಡ ಎಂದು ಕೂಗಬೇಕು. ಕೂಗಲು ಬಾಯಿ ಎಲ್ಲಿತ್ತು? ಓಡಿದ. ಕೈ ಚಾಚಿದ.

“ಓ,” ಎಂದಳು ರೋಹಿಣಿ, ದನಿ ಮರಳಿದ ಖುಷಿಗೆ.

ಗ್ಲಾಸು ಉರುಳಿತು. ಕಟಕ್ಕೆಂದು ದವಡೆ ಕೂಡಿತು. ಬಿಸಿಲಿದ್ದ ವಾರ್ಡಿನ ತುಂಬ ಮೆಣಸಿನಕಾಯಿಯ ಘಾಟು. ನರ್ಸು ಕೆಮ್ಮುತ್ತ ಡಾಕ್ಟರನ್ನು ಕರೆಯಲು ಓಡಿದಳು. ಮಗುವಿನ ಕಣ್ಣು ಅಪ್ಪನ ಮೇಲೆಯೇ ಇದ್ದವು. ಕಣ್ಣಿನ ಪಸೆ ನೋಡನೋಡುತ್ತ ಆರುತ್ತಿತ್ತು.

ನೀಲಗಂಗಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ; ಮಗಳ ಹೆಸರಿನ ಮೇಲೆ ಯಾರ ಹೆಸರು ಬಿದ್ದಿದೆ ಎಂಬುದನ್ನು ಗಂಡನ ಬಿಗಿದ ಬಾಯಿಯೇ ಹೇಳಿತ್ತು. ಅವಳು ಗಂಡನ ಜೇಬಿಗೆ ಕೈಹಾಕಿದಳು. ಅವನು ಅವಳ ಮಣಿಕಟ್ಟು ಹಿಡಿದ, ತಲೆ ಅಲ್ಲಾಡಿಸಿದ, ಕೈ ಮುಗಿದ.

“ಬಿಡ್ರಿ,” ಎಂದಳು. “ನನ್ನದು ನಮ್ಮವ್ವ ಇಟ್ಟ ಹೆಸರು. ನನ್ನ ಕೂಡೇ ಮುಗೀತೈತಿ. ಯಾರ ಹೆಸರಿನ ಮುಂದನೂ ಇಲ್ಲ ಇದು.”

ಅವನು ಬಿಡಲಿಲ್ಲ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಒತ್ತಿದಳು.

ಮಹಾಂತೇಶನ ದವಡೆ ಸಡಿಲಾಯಿತು. ಅದು ಸಡಿಲಾದದ್ದಕ್ಕೆ ಅವನು ಗೊಳೋ ಎಂದು ಅತ್ತ. ಮಂಚದ ಮೇಲೆ ರೋಹಿಣಿ ದೊಡ್ಡದಾಗಿ ಉಸಿರೆಳೆದುಕೊಂಡಳು. ಗ್ಲಾಸು ಉರುಳಿದ ಕಡೆ ನೋಡಿದಳು, ಆಮೇಲೆ ಗೋಡೆಯ ಕಡೆ.

“ಅವ್ವಾ, ನೀರು.”

ನೀಲಗಂಗಾ ತಿರುಗಿ ಮಗಳನ್ನು ನೋಡಿದಳು.

“ಅವ್ವಾ,” ಎಂದು ರೋಹಿಣಿ ಮತ್ತೆ ಕರೆದಳು. “ಯಾಕ ಓ ಅನವಲ್ಲಿ?”